ಬದುಕುಳಿದವರನ್ನು ಎಲ್ಲಿ ಹೂಳಬೇಕು? ಒಗಟಿನ ಹಿಂದಿರುವ ಮಣ್ಣಿನ ಕಾನೂನು

"ಕರ್ನಾಟಕ ಮತ್ತು ಕೇರಳದ ಗಡಿಯಲ್ಲಿ ವಿಮಾನ ಬಿತ್ತು. ಅರ್ಧ ಆ ಕಡೆ, ಅರ್ಧ ಈ ಕಡೆ. ಬದುಕುಳಿದವರನ್ನು ಯಾವ ರಾಜ್ಯದಲ್ಲಿ ಹೂಳಬೇಕು?"

ಮೊಬೈಲಿನಿಂದ ಮೊಬೈಲಿಗೆ ಹಾರುವ ಕೀಟಲೆ ಪ್ರಶ್ನೆಗಳಲ್ಲಿ ಇದು ಹಳೆಯದು. ಕೇಳಿದವರು ಗಡಿಯ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ವಿಮಾನ ಹೊರಟ ಊರು ಯಾವುದು, ಹೆಚ್ಚು ಜನ ಯಾವ ರಾಜ್ಯದವರು ಎಂದು ವಿಚಾರಿಸುತ್ತಾರೆ. "ಬದುಕುಳಿದವರು" ಎಂಬ ಪದ ಕಿವಿಗೆ ಬಿದ್ದಿರುತ್ತದೆ, ಮನಸ್ಸಿಗೆ ಇಳಿದಿರುವುದಿಲ್ಲ. ಬದುಕಿರುವವರನ್ನು ಯಾರಾದರೂ ಹೂಳುತ್ತಾರೆಯೇ?

ಈ ಬಗೆಯ ಒಗಟುಗಳ ಕೀಲಿ ಒಂದೇ: ಸತ್ತವರು ಮತ್ತು ಬದುಕಿರುವವರ ನಡುವಿನ ಗೆರೆಯನ್ನು ಕೇಳುಗ ಗಮನಿಸದಂತೆ ದಾಟಿಸುವುದು. ಕಾನೂನು ಮಾಡುವ ಕೆಲಸ ಇದಕ್ಕೆ ತೀರ ವಿರುದ್ಧ. ಯಾರು ಸತ್ತರು, ಯಾವಾಗ, ಎಲ್ಲಿ, ಹೇಗೆ ಎಂದು ಆ ಗೆರೆಯನ್ನು ಕಾಗದದ ಮೇಲೆ ಗಟ್ಟಿಯಾಗಿ ಎಳೆಯುವುದು. 2025ರಲ್ಲಿ ಈ ವಿಷಯ ಎರಡು ಬಾರಿ ಎಲ್ಲರ ಮಾತಿಗೆ ಬಂತು. ಜನವರಿಯಲ್ಲಿ ಛತ್ತೀಸ್‌ಗಢದ ಒಂದು ಶವ ಸಂಸ್ಕಾರದ ಜಗಳ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಜುಲೈ ಕೊನೆಯಲ್ಲಿ, ಶವಗಳನ್ನು ಗುಟ್ಟಾಗಿ ಹೂಳಲಾಗಿದೆ ಎಂಬ ದೂರಿನ ಮೇಲೆ, ಧರ್ಮಸ್ಥಳದ ಸುತ್ತ ವಿಶೇಷ ತನಿಖಾ ತಂಡ ನೆಲ ಅಗೆದು ನೋಡತೊಡಗಿದಾಗ ಶವ ಹೊರತೆಗೆಯುವುದು, ಮಹಜರು, ಉಪವಿಭಾಗಾಧಿಕಾರಿ ಎಂಬ ಪದಗಳು ಹೋಟೆಲಿನ ಮೇಜುಗಳವರೆಗೂ ಬಂದವು. ಒಗಟುಗಳನ್ನೇ ಒಂದೊಂದಾಗಿ ಹಿಡಿದುಕೊಂಡು ಆ ಪದಗಳನ್ನು ಬಿಡಿಸಿ ನೋಡೋಣ.

ಗಡಿಯಲ್ಲಿ ಸತ್ತರೆ ಯಾವ ಕಾನೂನು?

ಒಗಟಿನಲ್ಲಿ ಮೋಸವಿದ್ದರೂ ಅದರೊಳಗೆ ನಿಜವಾದ ಒಂದು ಪ್ರಶ್ನೆ ಅಡಗಿದೆ. ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕೇಂದ್ರ ಮತ್ತು ರಾಜ್ಯಗಳ ಅಧಿಕಾರವನ್ನು ಪಟ್ಟಿ ಮಾಡಿ ಹಂಚಲಾಗಿದೆ. ಹೂಳುವುದು, ಸುಡುವುದು, ಸ್ಮಶಾನದ ಜಾಗ, ಇವೆಲ್ಲ ರಾಜ್ಯ ಪಟ್ಟಿಯ 10ನೇ ಬಾಬು. ಹಾಗಾಗಿ ಇಡೀ ದೇಶಕ್ಕೆ ಅನ್ವಯಿಸುವ "ಹೂಳುವ ಕಾಯ್ದೆ" ಎಂಬುದು ಇಲ್ಲ. ಸಾವನ್ನು ದಾಖಲಿಸುವುದು ಮಾತ್ರ ಸಮವರ್ತಿ ಪಟ್ಟಿಯಲ್ಲಿದೆ. ಅದಕ್ಕೆ 1969ರ ಜನನ ಮರಣ ನೋಂದಣಿ ಕಾಯ್ದೆ ಇದೆ, ಅದು ಎಲ್ಲ ರಾಜ್ಯಗಳಿಗೂ ಒಂದೇ. ಸಾವಿನ ಕಾಗದಕ್ಕೆ ದೇಶದ ಕಾನೂನು, ಸಾವಿನ ಮಣ್ಣಿಗೆ ಆಯಾ ರಾಜ್ಯದ ಕಾನೂನು ಎಂದು ನೆನಪಿಟ್ಟುಕೊಂಡರೆ ಮುಂದಿನದು ಸುಲಭ.

ಸಾವು ಎಲ್ಲಿ ಸಂಭವಿಸಿತೋ ಅಲ್ಲಿಯೇ ನೋಂದಣಿ. ಸತ್ತವರ ಸ್ವಂತ ಊರಿನಲ್ಲೂ ಅಲ್ಲ, ಮಣ್ಣು ಮಾಡಿದ ಊರಿನಲ್ಲೂ ಅಲ್ಲ. ರಾಯಚೂರಿನವರು ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರೆ ಮರಣ ಪ್ರಮಾಣಪತ್ರ ಬರುವುದು ಬೆಂಗಳೂರಿನಿಂದ. ಊರಿಗೆ ಶವ ತಂದು ಎಲ್ಲ ಮುಗಿಸಿದ ಮೇಲೆ ಊರಿನ ಕಚೇರಿಯಲ್ಲಿ ವಿಚಾರಿಸಿ ಬರಿಗೈಯಲ್ಲಿ ಮರಳುವ ಕುಟುಂಬಗಳು ಬಹಳ. ಓಡುತ್ತಿರುವ ಬಸ್ಸಿನಲ್ಲಿ ಪ್ರಾಣ ಹೋದರೆ? ಅದಕ್ಕೂ ನಿಯಮವಿದೆ. ವಾಹನದ ಹೊಣೆ ಹೊತ್ತವರು ಅದು ಮೊದಲು ನಿಲ್ಲುವ ಸ್ಥಳದಲ್ಲಿ ಮಾಹಿತಿ ಕೊಡಬೇಕು.

ಶವವನ್ನು ಗಡಿ ದಾಟಿಸುವುದಕ್ಕೆ ತಡೆಯೇನೂ ಇಲ್ಲ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಮಂಗಳೂರಿನ ನಿಲ್ದಾಣದಲ್ಲಿ ಓಡುಹಾದಿ ಮೀರಿ ಕಣಿವೆಗೆ ಬಿತ್ತು. ಅದರಲ್ಲಿದ್ದ 166 ಮಂದಿಯಲ್ಲಿ 158 ಮಂದಿ ತೀರಿಕೊಂಡರು, ಎಂಟು ಮಂದಿ ಬದುಕಿ ಉಳಿದರು. ಸತ್ತವರಲ್ಲಿ ಕಾಸರಗೋಡು ಕಡೆಯವರು ಅನೇಕರಿದ್ದರು. ಸಾವು ಕರ್ನಾಟಕದ ನೆಲದಲ್ಲಾಯಿತು, ಮಣ್ಣು ಕೇರಳದಲ್ಲಾಯಿತು. ಒಗಟಿನ ಗಡಿಯನ್ನು ಆ ಮನೆಗಳು ನಿಜವಾಗಿ ದಾಟಬೇಕಾಯಿತು.

ಊರೆಲ್ಲ ನೋಡಿದ್ದಕ್ಕೆ ಕಾಗದ ಏಕೆ?

ನಮ್ಮ ದೊಡ್ಡಪ್ಪ ಮನೆಯಲ್ಲೇ ತೀರಿಕೊಂಡರು. ವಯಸ್ಸಾಗಿತ್ತು, ಯಾರಿಗೂ ಅನುಮಾನವಿರಲಿಲ್ಲ. ರಾತ್ರಿಯಿಡೀ ಭಜನೆ ನಡೆಯಿತು, ಮರುದಿನ ಹೊತ್ತೇರುವ ಮುನ್ನ ಗುಣಿ ತೋಡಿದರು, ಸುತ್ತಲ ನಾಲ್ಕು ಹಳ್ಳಿಯವರು ಮಣ್ಣಿಗೆ ಬಂದರು. ಇಷ್ಟು ಜನ ಕಣ್ಣಾರೆ ಕಂಡ ಸಾವನ್ನು ಕಚೇರಿಗೆ ಹೋಗಿ ಬರೆಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹದಿನಾಲ್ಕು ತಿಂಗಳ ಮೇಲೆ ಜಮೀನಿನ ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಹಾಕಲು ಹೋದಾಗ ಗುಮಾಸ್ತರು ಕೇಳಿದ್ದು ಒಂದೇ ಮಾತು: "ಮರಣ ಪ್ರಮಾಣಪತ್ರ ಎಲ್ಲಿ?" ಕಾಗದದ ಲೆಕ್ಕದಲ್ಲಿ ದೊಡ್ಡಪ್ಪ ಇನ್ನೂ ಬದುಕಿದ್ದರು.

ನಿಯಮ ಹೀಗಿದೆ. ಸಾವು ಸಂಭವಿಸಿದ 21 ದಿನಗಳೊಳಗೆ ಆ ಸ್ಥಳದ ಜನನ ಮರಣ ನೋಂದಣಾಧಿಕಾರಿಗೆ ತಿಳಿಸಬೇಕು. ಮನೆಯಲ್ಲಿ ಆದರೆ ಮನೆಯ ಯಜಮಾನರು ಅಥವಾ ಹತ್ತಿರದ ಬಂಧು, ಆಸ್ಪತ್ರೆಯಲ್ಲಿ ಆದರೆ ಅಲ್ಲಿನ ಹೊಣೆ ಹೊತ್ತ ವೈದ್ಯಾಧಿಕಾರಿ ತಿಳಿಸಬೇಕು. ಸ್ಮಶಾನ ನೋಡಿಕೊಳ್ಳುವವರಿಗೂ ತಿಳಿಸುವ ಕರ್ತವ್ಯವಿದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. 21 ದಿನ ದಾಟಿ 30 ದಿನದೊಳಗಾದರೆ ತಡದ ಶುಲ್ಕ ಕಟ್ಟಿದರೆ ಸಾಕು. 30 ದಿನದಿಂದ ಒಂದು ವರ್ಷದವರೆಗೆ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು. ಒಂದು ವರ್ಷ ಮೀರಿದರೆ ಮ್ಯಾಜಿಸ್ಟ್ರೇಟರ ಆದೇಶವೇ ಆಗಬೇಕು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಜಿಲ್ಲಾ ಅಥವಾ ಉಪವಿಭಾಗೀಯ ಮ್ಯಾಜಿಸ್ಟ್ರೇಟರು, ಇಲ್ಲವೇ ಜಿಲ್ಲಾ ಮ್ಯಾಜಿಸ್ಟ್ರೇಟರು ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಆ ಆದೇಶ ಕೊಡುತ್ತಾರೆ.

ನಮ್ಮ ಮನೆಯವರು ನಡೆದದ್ದು ಈ ಕೊನೆಯ ದಾರಿ. ದಾಖಲೆಯಲ್ಲಿ ಈ ಸಾವು ಇಲ್ಲ ಎಂಬ ಪತ್ರ ತರಬೇಕಾಯಿತು, ಅಫಿಡವಿಟ್‌ಗೆ ನೋಟರಿ ಮಾಡಿಸಬೇಕಾಯಿತು, ನೆರೆಯವರ ಹೇಳಿಕೆ ಕೊಡಿಸಬೇಕಾಯಿತು. ದೊಡ್ಡಮ್ಮ ಪ್ರತಿ ಸಲವೂ ಬಸ್ ಹತ್ತಿ ಹೋಗಿ, ಅಪರಿಚಿತರ ಮುಂದೆ ನಿಂತು, ಗಂಡ ಸತ್ತಿದ್ದಾರೆ ಎಂದು ಮತ್ತೆ ಮತ್ತೆ ಹೇಳಬೇಕಾಯಿತು. ಮೊದಲ ಮೂರು ವಾರಗಳಲ್ಲಿ ಅರ್ಧ ದಿನದಲ್ಲಿ ಮುಗಿಯುತ್ತಿದ್ದ ಕೆಲಸ ಅದು. ಆ ಪ್ರಮಾಣಪತ್ರದ ಮೊದಲ ಪ್ರತಿಗೆ ಹಣವನ್ನೂ ಕೊಡಬೇಕಿಲ್ಲ.

ತನ್ನ ವಿಧವೆಯ ತಂಗಿಯನ್ನು ಮದುವೆಯಾಗಬಹುದೇ?

ಎರಡನೆಯ ಒಗಟು: "ಒಬ್ಬ ಗಂಡಸು ತನ್ನ ವಿಧವೆಯ ತಂಗಿಯನ್ನು ಮದುವೆಯಾಗಲು ಕಾನೂನು ಒಪ್ಪುತ್ತದೆಯೇ?" ಹೆಂಡತಿ ವಿಧವೆಯಾಗಿದ್ದಾಳೆ ಎಂದರೆ ಗಂಡ ಸತ್ತಿದ್ದಾನೆ. ಸತ್ತವನಿಗೆ ಯಾವ ಮದುವೆ?

ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ, ತೀರಿಕೊಂಡ ಹೆಂಡತಿಯ ತಂಗಿಯನ್ನು ಮದುವೆಯಾಗಬಹುದೇ ಎಂದು ಕೇಳಿದರೆ ಉತ್ತರ ಹೌದು. 1955ರ ಹಿಂದೂ ವಿವಾಹ ಕಾಯ್ದೆಯ ನಿಷಿದ್ಧ ಸಂಬಂಧಗಳ ಪಟ್ಟಿಯಲ್ಲಿ ಹೆಂಡತಿಯ ತಂಗಿ ಇಲ್ಲ. ತಾಯಿಯಿಲ್ಲದ ಮಕ್ಕಳನ್ನು ಚಿಕ್ಕಮ್ಮನೇ ಸಾಕಲಿ ಎಂದು ನಮ್ಮ ಹಿರಿಯರು ಇಂಥ ಮದುವೆ ಮಾಡಿಸುತ್ತಿದ್ದುದನ್ನು ಕಂಡವರಿದ್ದೇವೆ. ಬ್ರಿಟನ್ನಿನಲ್ಲಿ ಇದಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 1907ರಲ್ಲಿ.

ಗಂಡ ಸತ್ತಿದ್ದಾನೋ ಇಲ್ಲವೋ ಎಂಬುದೇ ಗೊತ್ತಾಗದಿದ್ದರೆ? ಇಲ್ಲಿ ಏಳು ವರ್ಷದ ನಿಯಮ ಬರುತ್ತದೆ. ಬದುಕಿದ್ದರೆ ಸಹಜವಾಗಿ ಯಾರಿಗೆ ಸುದ್ದಿ ಮುಟ್ಟುತ್ತಿತ್ತೋ ಅವರಿಗೆ ಏಳು ವರ್ಷ ಯಾವ ಸುದ್ದಿಯೂ ಇಲ್ಲದಿದ್ದರೆ, ಆತ ಬದುಕಿದ್ದಾನೆ ಎನ್ನುವವರೇ ಅದನ್ನು ಸಾಬೀತು ಮಾಡಬೇಕು. ಹಿಂದಿನ ಸಾಕ್ಷ್ಯ ಕಾಯ್ದೆಯ 108ನೇ ಕಲಂ, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 111ನೇ ಕಲಂ ಹೇಳುವುದು ಇದನ್ನೇ. ಕಾಣೆಯಾದ ದಿನವೇ ಪೊಲೀಸರಿಗೆ ದೂರು ಕೊಟ್ಟಿದ್ದರೆ ಏಳು ವರ್ಷದ ಎಣಿಕೆ ಎಲ್ಲಿಂದ ಶುರು ಎಂದು ತೋರಿಸುವುದು ಸುಲಭ. ಒಂದು ಸೂಕ್ಷ್ಮವಿದೆ. ಆತ ಇಂದು ಬದುಕಿಲ್ಲ ಎಂದು ಈ ನಿಯಮದಿಂದ ಊಹಿಸಬಹುದು, ಆದರೆ ಇಂಥ ದಿನವೇ ಸತ್ತ ಎಂದು ಊಹಿಸಲಾಗದು. ಆಸ್ತಿ ಹಂಚಿಕೆಯಲ್ಲಿ ದಿನಾಂಕವೇ ಜಗಳದ ಮೂಲವಾದಾಗ ಅದನ್ನು ಬೇರೆ ಸಾಕ್ಷ್ಯದಿಂದ ತೋರಿಸಬೇಕು.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಗಂಗಾವಳಿ ನದಿಗೆ ಕೊಚ್ಚಿಹೋದ ಲಾರಿ ಮತ್ತು ಅದರೊಳಗಿದ್ದ ಕೇರಳದ ಚಾಲಕರ ದೇಹ ಸಿಕ್ಕಿದ್ದು ಸೆಪ್ಟೆಂಬರ್ 25ರಂದು. ದೇಹ ಸಿಗದೆ ಕಾಯುವ ಅಷ್ಟು ದಿನ ಒಂದು ಮನೆ ಹೇಗಿರುತ್ತದೆ ಎಂದು ಆಗ ಎರಡು ರಾಜ್ಯಗಳು ನೋಡಿದವು.

ಸ್ವಂತ ಹೊಲದಲ್ಲಿ ಹೂಳಬಹುದೇ?

ಒಗಟಿಲ್ಲದ, ಆದರೆ ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ಪ್ರಶ್ನೆ ಇದು. ಕರ್ನಾಟಕದಲ್ಲಿ ಮುಸ್ಲಿಮರು ಮತ್ತು ಕ್ರೈಸ್ತರು ಮಾತ್ರ ಹೂಳುತ್ತಾರೆ ಎಂದು ಯಾರಾದರೂ ತಿಳಿದಿದ್ದರೆ ಅದು ತಪ್ಪು. ಲಿಂಗಾಯತರು ಶವವನ್ನು ಕುಳ್ಳಿರಿಸಿ, ವಿಭೂತಿ ಇಟ್ಟು ಸಮಾಧಿ ಮಾಡುತ್ತಾರೆ. ದಲಿತ ಸಮುದಾಯಗಳಲ್ಲೂ ಇತರ ಅನೇಕ ಸಮುದಾಯಗಳಲ್ಲೂ ಹೂಳುವ ಪದ್ಧತಿ ಇದೆ. ಸುಡುವವರ ಮನೆಯಲ್ಲೂ ಎಳೆಗೂಸು ತೀರಿಕೊಂಡರೆ ಹೂಳುತ್ತಾರೆ. ಹೊಲದ ಬದುವಿನಲ್ಲಿ, ತೋಟದ ಮೂಲೆಯಲ್ಲಿ ಅಜ್ಜ ಅಜ್ಜಿಯರ ಸಮಾಧಿ ಇಲ್ಲದ ಊರುಗಳು ಕಡಿಮೆ.

ನಗರದ ಮಿತಿಯಲ್ಲಿ ಉತ್ತರ ಕಟ್ಟುನಿಟ್ಟು. ಸ್ಥಳೀಯ ಸಂಸ್ಥೆ ಗೊತ್ತುಮಾಡಿದ ಅಥವಾ ಒಪ್ಪಿದ ಜಾಗವಲ್ಲದೆ ಬೇರೆಡೆ ಅನುಮತಿ ಇಲ್ಲದೆ ಹೂಳುವಂತಿಲ್ಲ. ನಿವೇಶನ ನಿಮ್ಮದೇ ಆದರೂ ಅಷ್ಟೇ. ಕುಡಿಯುವ ನೀರು, ನೆರೆಮನೆ, ಆರೋಗ್ಯ, ಇವು ಇದರ ಹಿಂದಿನ ಕಾರಣಗಳು. ಹಳ್ಳಿಯಲ್ಲಿ ಸ್ಮಶಾನದ ನಿರ್ವಹಣೆ ಗ್ರಾಮ ಪಂಚಾಯಿತಿಯದು. ಸ್ವಂತ ಜಮೀನಿನಲ್ಲಿ ಹೂಳುವುದು ರೂಢಿಯಿಂದ ನಡೆದು ಬಂದಿದೆ. ಆದರೆ ರೂಢಿ ಇದೆ ಎಂಬುದೂ ಹಕ್ಕು ಇದೆ ಎಂಬುದೂ ಒಂದೇ ಅಲ್ಲ. ನೆರೆಯವರು ತಕರಾರು ತೆಗೆದರೆ ಮಾತು ಪಂಚಾಯಿತಿಗೆ, ತಹಶೀಲ್ದಾರರಿಗೆ, ಪೊಲೀಸರಿಗೆ ಹೋಗುತ್ತದೆ. ಶವವನ್ನು ಅಂಗಳದಲ್ಲಿಟ್ಟುಕೊಂಡು ಈ ಜಗಳ ಬಿಡಿಸುವುದಕ್ಕಿಂತ ಕಷ್ಟದ ಗಳಿಗೆ ಮತ್ತೊಂದಿಲ್ಲ. ಹಿರಿಯರು ಹೊಲದಲ್ಲೇ ಮಲಗಬೇಕೆಂದು ಬಯಸಿದ್ದರೆ ಅವರಿರುವಾಗಲೇ ಪಂಚಾಯಿತಿಯಲ್ಲಿ ವಿಚಾರಿಸಿಟ್ಟುಕೊಳ್ಳುವುದು ಒಳಿತು.

ಜಮೀನಿನ ದಾಖಲೆಯಾದ ಪಹಣಿಯನ್ನು ಒಮ್ಮೆ ಹತ್ತಿರದಿಂದ ನೋಡಿ. ವಿಸ್ತೀರ್ಣದ ಕೆಳಗೆ ಫೂಟ್ ಖರಾಬು (ಎ), ಫೂಟ್ ಖರಾಬು (ಬಿ) ಎಂಬ ಎರಡು ಸಾಲುಗಳಿರುತ್ತವೆ. "ಎ" ಎಂದರೆ ಬಂಡೆಯೋ ಹಳ್ಳವೋ ಇದ್ದು ಬೇಸಾಯಕ್ಕೆ ಬಾರದ ನೆಲ. "ಬಿ" ಎಂದರೆ ದಾರಿ, ಕೆರೆ, ಸ್ಮಶಾನದಂಥ ಸಾರ್ವಜನಿಕ ಬಳಕೆಗೆ ಮೀಸಲಾದ, ಕಂದಾಯ ಹಾಕದ ನೆಲ. ಕೊಳ್ಳುತ್ತಿರುವ ಜಮೀನಿನಲ್ಲಿ ಗೋರಿಗಳು ಕಂಡರೆ ಈ ಸಾಲನ್ನು ನೋಡಬೇಕು. ಒಂದು ಮನೆಯವರು ತಮ್ಮ ಹಿರಿಯರನ್ನು ತಮ್ಮ ಹೊಲದಲ್ಲಿ ಹೂತಿದ್ದ ಮಾತ್ರಕ್ಕೆ ಅದು ತಾನಾಗಿಯೇ "ಬಿ" ಖರಾಬು ಆಗುವುದಿಲ್ಲ. ಊರಿನ ಸ್ಮಶಾನವೆಂದು ದಾಖಲಾದ "ಬಿ" ಖರಾಬನ್ನು ಮಾತ್ರ ಯಾರೂ ತಮ್ಮದೆಂದು ಮಾರುವಂತಿಲ್ಲ.

ಮೊದಲು ಹೇಳಿದ ಛತ್ತೀಸ್‌ಗಢದ ಪ್ರಕರಣ ಇದೇ ಪ್ರಶ್ನೆಯದು. ಬಸ್ತರ್ ಸೀಮೆಯ ಹಳ್ಳಿಯೊಂದರಲ್ಲಿ ಕ್ರೈಸ್ತ ಬೋಧಕರೊಬ್ಬರು 2025ರ ಜನವರಿ 7ರಂದು ತೀರಿಕೊಂಡರು. ಊರಿನ ಸ್ಮಶಾನದಲ್ಲಿ ಹೂಳಲು ಊರವರು ಬಿಡಲಿಲ್ಲ. ಮಗ ಊರಿನ ಸ್ಮಶಾನದಲ್ಲಿ, ಇಲ್ಲವೇ ಸ್ವಂತ ಜಮೀನಿನಲ್ಲಿ ಹೂಳಲು ಅವಕಾಶ ಕೇಳಿದರು. ಜನವರಿ 27ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಕರ್ನಾಟಕದವರಾದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಸ್ವಂತ ಜಮೀನಿನಲ್ಲಿ ಹೂಳಬಹುದು ಎಂದರು. ನ್ಯಾಯಮೂರ್ತಿ ಸತೀಶ್ ಚಂದ್ರ ಶರ್ಮಾ ಅವರು ಕ್ರೈಸ್ತರಿಗೆ ಗೊತ್ತುಮಾಡಿದ ಜಾಗದಲ್ಲೇ ಆಗಬೇಕು ಎಂದರು. ಇಬ್ಬರಿಗೆ ಒಮ್ಮತ ಬಾರದಿದ್ದರೆ ವಿಷಯ ಸಾಮಾನ್ಯವಾಗಿ ದೊಡ್ಡ ಪೀಠಕ್ಕೆ ಹೋಗುತ್ತದೆ. ಶವ ಆಗಲೇ ಇಪ್ಪತ್ತು ದಿನ ಶವಾಗಾರದಲ್ಲಿತ್ತು. ಹಾಗಾಗಿ ಸಂವಿಧಾನದ 142ನೇ ವಿಧಿಯ ವಿಶೇಷ ಅಧಿಕಾರ ಬಳಸಿ, ಸುಮಾರು 20 ಕಿಲೋಮೀಟರ್ ದೂರದ ಕರ್ಕಪಾಲ್ ಎಂಬಲ್ಲಿನ ಕ್ರೈಸ್ತ ಸ್ಮಶಾನದಲ್ಲಿ ಹೂಳಲು ಇಬ್ಬರೂ ಸೇರಿ ನಿರ್ದೇಶಿಸಿದರು. ಆ ಮಗನಿಗೆ ಉತ್ತರ ಸಿಕ್ಕಿತು, ಸ್ವಂತ ನೆಲದ ಪ್ರಶ್ನೆ ಮಾತ್ರ ದೇಶಕ್ಕೆಲ್ಲ ಒಂದೇ ಉತ್ತರವಿಲ್ಲದೆ ಉಳಿಯಿತು.

ಮಾಡಿದವನಿಗೆ ಬೇಡ, ಕೊಂಡವನು ಬಳಸುವುದಿಲ್ಲ

"ಮಾಡಿದವನಿಗೆ ಅದು ಬೇಡ, ಕೊಂಡವನು ಬಳಸುವುದಿಲ್ಲ, ಬಳಸುವವನಿಗೆ ಗೊತ್ತೇ ಆಗುವುದಿಲ್ಲ. ಏನದು?" ಶವಪೆಟ್ಟಿಗೆ. ಅದು ಇರಲೇಬೇಕೆಂದು ಹೂಳುವುದಕ್ಕೆ ಸಾಮಾನ್ಯ ಕಾನೂನೇನೂ ಇಲ್ಲ, ಅದು ಆಯಾ ಸಮುದಾಯದ ಪದ್ಧತಿ. ವಿಮಾನದಲ್ಲಿ ಸಾಗಿಸುವಾಗ ಮಾತ್ರ ಪೆಟ್ಟಿಗೆ ಬೇಕು, ಜೊತೆಗೆ ದೇಹ ಕೆಡದಂತೆ ರಾಸಾಯನಿಕ ಸಂಸ್ಕಾರ ಮಾಡಿದ ಪ್ರಮಾಣಪತ್ರವೂ ಬೇಕು. ಕೊಲ್ಲಿ ದೇಶಗಳಲ್ಲಿ ದುಡಿಯುವ ಕರಾವಳಿಯವರ ಮನೆಗಳಿಗೆ ಈ ಪಟ್ಟಿ ಗೊತ್ತು: ಅಲ್ಲಿನ ಮರಣ ಪ್ರಮಾಣಪತ್ರ, ಈ ಸಂಸ್ಕಾರದ ಪತ್ರ, ಭಾರತೀಯ ರಾಯಭಾರ ಕಚೇರಿಯ ನಿರಾಕ್ಷೇಪಣಾ ಪತ್ರ, ರದ್ದುಮಾಡಿದ ಪಾಸ್‌ಪೋರ್ಟ್.

ದೇಹ ಯಾರದು?

ಉಯಿಲಿನಲ್ಲಿ "ನನ್ನನ್ನು ಇಂಥಲ್ಲಿ ಹೂಳಿ" ಎಂದು ಬರೆದರೆ ಮಕ್ಕಳು ಹಾಗೆಯೇ ಮಾಡಬೇಕೇ? ಉಯಿಲು ಆಸ್ತಿಯ ಕಾಗದ. ಶವವನ್ನು ಕಾನೂನು ಆಸ್ತಿ ಎಂದು ಎಣಿಸುವುದಿಲ್ಲ. ಆದ್ದರಿಂದ ಆ ಸಾಲನ್ನು ಕೊನೆಯ ಆಸೆ ಎಂದು ಗೌರವಿಸುತ್ತಾರೆ, ಆದರೆ ಮನೆ ಹಂಚಿದಷ್ಟು ಬಿಗಿಯಾಗಿ ಅದು ಕಟ್ಟಿಹಾಕುವುದಿಲ್ಲ. ಉಯಿಲನ್ನು ಬಿಚ್ಚುವುದೇ ತಿಥಿ ಮುಗಿದ ಮೇಲೆ ಎಂಬುದೂ ನಿಜ. ಬಾಯಿಬಿಟ್ಟು ಮೊದಲೇ ಹೇಳಿಡುವುದು ಹೆಚ್ಚು ಪ್ರಯೋಜನದ ಮಾತು.

ದೇಹದಾನ ಬೇರೆ. ಅದಕ್ಕೆ ಕರ್ನಾಟಕದಲ್ಲಿ 1957ರ ಅಂಗರಚನಾ ಶಾಸ್ತ್ರ ಕಾಯ್ದೆ ಇದೆ. ವೈದ್ಯಕೀಯ ಕಾಲೇಜಿನಲ್ಲಿ ಸಾಕ್ಷಿಗಳ ಸಹಿಯೊಂದಿಗೆ ಒಪ್ಪಿಗೆ ಬರೆದಿಡಬಹುದು. ಮನೆಯವರಿಗೆ ಗೊತ್ತಿಲ್ಲದಿದ್ದರೆ ಆ ಪತ್ರ ಕಪಾಟಿನಲ್ಲೇ ಉಳಿಯುತ್ತದೆ. 2024ರಲ್ಲಿ ಕೇರಳದ ಹಿರಿಯ ಕಮ್ಯುನಿಸ್ಟ್ ನಾಯಕರೊಬ್ಬರು ತೀರಿಕೊಂಡಾಗ ದೇಹ ಕಾಲೇಜಿಗೋ ಚರ್ಚಿನ ಸ್ಮಶಾನಕ್ಕೋ ಎಂದು ಮಕ್ಕಳ ನಡುವೆಯೇ ವ್ಯಾಜ್ಯವಾಯಿತು. ಕೇರಳ ಹೈಕೋರ್ಟ್ ಕಾಲೇಜಿನ ಪರವಾಗಿ ತೀರ್ಪು ಕೊಟ್ಟಿತು, ಮರುವರ್ಷ ಸುಪ್ರೀಂ ಕೋರ್ಟ್ ಅದನ್ನು ಬದಲಿಸಲಿಲ್ಲ.

ಯಾರ ಆಸ್ತಿಯೂ ಅಲ್ಲವೆಂದರೆ ಯಾರ ರಕ್ಷಣೆಯೂ ಇಲ್ಲ ಎಂದಲ್ಲ. ಘನತೆಯ ಹಕ್ಕು ಶವಕ್ಕೂ ಇದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಪರರ ಭಾವನೆಗೆ ನೋವುಂಟುಮಾಡಲು ಸ್ಮಶಾನಕ್ಕೆ ಅತಿಕ್ರಮವಾಗಿ ನುಗ್ಗುವುದು, ಶವಕ್ಕೆ ಅವಮಾನ ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 301ನೇ ಕಲಂ ಅಡಿ ಅಪರಾಧ, ಒಂದು ವರ್ಷದವರೆಗೆ ಜೈಲು. ಸತ್ತವರ ಮೈಮೇಲಿದ್ದ ಒಡವೆಯನ್ನು ವಾರಸುದಾರರಿಗೆ ಸೇರಿಸದೆ ಲಪಟಾಯಿಸಿದರೆ 315ನೇ ಕಲಂ.

ಹೂತ ಮೇಲೆ ಮತ್ತೆ ತೆಗೆಯುವುದು

ಸಾವು ಸಹಜವಲ್ಲ ಎಂದಾದರೆ ಮಣ್ಣಿಗೆ ಮೊದಲು ಪೊಲೀಸರು ಬರಬೇಕು. ಆತ್ಮಹತ್ಯೆ, ಅಪಘಾತ, ಅನುಮಾನದ ಸಾವುಗಳಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಂ ಪ್ರಕಾರ ಶವ ಪಂಚನಾಮೆ, ಅಂದರೆ ಶವವನ್ನು ಪರಿಶೀಲಿಸಿ ಸಾಕ್ಷಿಗಳ ಮುಂದೆ ಬರೆಯುವ ಮಹಜರು, ಆಗಬೇಕು. ಪತ್ರಿಕೆಗಳಲ್ಲಿ ಬರುವ "ಯುಡಿಆರ್" ಎಂದರೆ ಅಸಹಜ ಸಾವಿನ ವರದಿ. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಅನುಮಾನಕ್ಕೆ ಎಡೆಯಾಗುವಂತೆ ತೀರಿಕೊಂಡರೆ ಮ್ಯಾಜಿಸ್ಟ್ರೇಟರ ವಿಚಾರಣೆ ನಡೆಯುತ್ತದೆ, ನಮ್ಮಲ್ಲಿ ಸಾಮಾನ್ಯವಾಗಿ ತಹಶೀಲ್ದಾರರು ಬರುತ್ತಾರೆ. "ಕೇಸು ಬೇಡ, ಬೇಗ ಮಣ್ಣು ಮಾಡೋಣ" ಎಂದು ಅವಸರಪಡಿಸುವವರ ಮಾತಿಗೆ ತವರಿನವರು ಒಪ್ಪಬೇಕಿಲ್ಲ.

ಆಗಲೇ ಹೂತಿದ್ದರೂ ದಾರಿ ಮುಚ್ಚಿಲ್ಲ. ಅದೇ ಸಂಹಿತೆಯ 196ನೇ ಕಲಂ ಶವವನ್ನು ಹೊರತೆಗೆಸುವ ಅಧಿಕಾರವನ್ನು ಮ್ಯಾಜಿಸ್ಟ್ರೇಟರಿಗೆ ಕೊಟ್ಟಿದೆ. ಪೊಲೀಸರು ತಾವಾಗಿ ಅಗೆಯುವಂತಿಲ್ಲ, ಮನೆಯವರೂ ಅಗೆಯುವಂತಿಲ್ಲ. ಧರ್ಮಸ್ಥಳದಲ್ಲಿ ನೆಲ ಅಗೆಯುವಾಗ ಪುತ್ತೂರಿನ ಉಪವಿಭಾಗಾಧಿಕಾರಿ ಸ್ಥಳದಲ್ಲಿದ್ದರು. ಉಪವಿಭಾಗಾಧಿಕಾರಿ ಆ ಸೀಮೆಯ ಉಪವಿಭಾಗೀಯ ಮ್ಯಾಜಿಸ್ಟ್ರೇಟರೂ ಹೌದು. ಹೀಗೆ ಶವ ಹೊರತೆಗೆಯುವುದಕ್ಕೆ ಭಾರತದಲ್ಲಿ ಕಾಲಮಿತಿ ಇಲ್ಲ.

ಕೆಲಸ ಬೆಳಕಿರುವಾಗ ನಡೆಯುತ್ತದೆ, ಹೆಚ್ಚಾಗಿ ಬೆಳಗ್ಗೆಯೇ ಆರಂಭ. ಇದೇ ಗುಂಡಿ ಎಂದು ಬಂಧುಗಳೋ ಗುಣಿ ತೋಡಿದವರೋ ಮೊದಲು ಗುರುತಿಸುತ್ತಾರೆ. ದೇಹ ಹತ್ತಿರವಾದಂತೆ ಗುದ್ದಲಿ ಬದಿಗಿಟ್ಟು ಕೈಯಿಂದ, ಸಣ್ಣ ಸಲಕರಣೆಯಿಂದ ಮಣ್ಣು ಸರಿಸುತ್ತಾರೆ. ವೈದ್ಯರು ದೇಹದ ಜೊತೆಗೆ ಮಣ್ಣನ್ನೂ ತೆಗೆದಿಡುತ್ತಾರೆ: ದೇಹದ ಮೇಲಿನದು, ಕೆಳಗಿನದು, ಪಕ್ಕದ್ದು, ದೂರದ ಇನ್ನೊಂದು ಕಡೆಯದು, ಒಂದೊಂದೂ ಬೇರೆ ಬೇರೆ. ಏಕೆಂದರೆ ಆರ್ಸೆನಿಕ್‌ನಂಥ ವಿಷ ಕೆಲವೆಡೆ ಮಣ್ಣಿನಲ್ಲೇ ಇರುತ್ತದೆ. ವಿಷ ದೇಹದಿಂದ ಮಣ್ಣಿಗೆ ಇಳಿಯಿತೋ, ಮಣ್ಣಿನಿಂದ ದೇಹಕ್ಕೆ ಸೇರಿತೋ ಎಂದು ಹೋಲಿಸಿ ನೋಡದೆ ಹೇಳಲಾಗದು.

ಹೆಸರು ಗೊತ್ತಿಲ್ಲದವರು

ಗುರುತು ಸಿಗದ ಶವ ಕಂಡರೆ ನೋಂದಣಿಗೆ ಮಾಹಿತಿ ಕೊಡುವ ಹೊಣೆ ಸ್ಥಳೀಯ ಪೊಲೀಸರದು, ಹಳ್ಳಿಯಾದರೆ ಊರಿನ ಮುಖ್ಯಸ್ಥರದು. ಫೋಟೋ ತೆಗೆದು, ಬಟ್ಟೆ, ಮಚ್ಚೆ, ಹಚ್ಚೆಗಳ ವಿವರ ಬರೆದು, ಕೆಲವು ದಿನ ಶವಾಗಾರದಲ್ಲಿಟ್ಟು ಕಾಯುತ್ತಾರೆ. ಯಾರೂ ಬಾರದಿದ್ದರೆ ಹೂಳುತ್ತಾರೆ. ಸುಡುವುದಕ್ಕಿಂತ ಹೂಳುವುದೇ ಇಲ್ಲಿ ಸರಿ. ಮುಂದೆ ಎಂದಾದರೂ ಮನೆಯವರು ಹುಡುಕಿ ಬಂದರೆ ಮೂಳೆಯಿಂದ, ಹಲ್ಲಿನಿಂದ ಡಿಎನ್‌ಎ ತೆಗೆದು ಗುರುತು ಹಿಡಿಯಬಹುದು. ಬೂದಿಯಲ್ಲಿ ಅದು ಆಗದ ಮಾತು. 2024ರ ಜುಲೈ ಕೊನೆಯಲ್ಲಿ ವಯನಾಡಿನಲ್ಲಿ ಗುಡ್ಡ ಕುಸಿದು ಕರ್ನಾಟಕದವರೂ ಸೇರಿ ಅನೇಕರು ತೀರಿಕೊಂಡಾಗ, ಪುತ್ತುಮಲದಲ್ಲಿ ಹೂತವರ ತಲೆಗಲ್ಲುಗಳ ಮೇಲೆ ಹೆಸರಿನ ಜಾಗದಲ್ಲಿ ಡಿಎನ್‌ಎ ಮಾದರಿಯ ಸಂಖ್ಯೆ ಬರೆದಿದ್ದರು.

ಮಂಗಳೂರಿನ ಆ ವಿಮಾನದಲ್ಲಿ ತೀರಿಕೊಂಡವರಲ್ಲೂ ಹನ್ನೆರಡು ಮಂದಿಯ ಗುರುತು ಡಿಎನ್‌ಎ ಪರೀಕ್ಷೆಯ ಮೇಲೂ ಸಿಗಲಿಲ್ಲ. ಕೂಳೂರಿನ ಬಳಿ, ಫಲ್ಗುಣಿ ನದಿಯ ದಡದಲ್ಲಿ ಜಿಲ್ಲಾಡಳಿತವೇ ಅವರನ್ನು ಹೂತಿತು. ವರ್ಷ ವರ್ಷ ಮೇ 22ರಂದು ಅಲ್ಲಿನ ಸ್ಮಾರಕದ ಬಳಿ ಅಧಿಕಾರಿಗಳು ಬಂದು ಹೂವಿಟ್ಟು ಹೋಗುತ್ತಾರೆ. ಯಾವ ರಾಜ್ಯದವರು, ಯಾವ ಊರಿನವರು ಎಂದು ಆ ಹನ್ನೆರಡು ಮಂದಿಯನ್ನು ಬೇರೆ ಬೇರೆಯಾಗಿ ಹೇಳಲು ಇಂದಿಗೂ ಆಗಿಲ್ಲ.